ಹೇರಿಗಿಷ್ಟು, ಹಾಡಿಗಿಷ್ಟು

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯಿಂದ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರಿಗೆ ಒಂದು ನೋಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಂದು ಕಡೆ ಮಾರಾಟಕ್ಕೆ ನಿಲ್ಲಿಸಿದ ಬಾಗಿಲು, ಚೌಕಟ್ಟುಗಳ ಸಾಲು. ಅದರಾಚೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು. ಇನ್ನೊಂದು ಕಡೆ ತಗಡಿನ ಗೋಡೆಯ ನಾಟಕದ ಥೇಟರುಗಳು. ಸಂಜೆಯಾದರೆ ಬೆಲೆ ಕೂಗುವವರ ದನಿಯೊಳಗೆ ಪೇಟಿಯ ಸ್ವರ ಬೆರೆಯುತ್ತದೆ. ಹಗಲು ಸಾಮಾನು ಕೊಂಡವರು ರಾತ್ರಿ ಟಿಕೆಟ್ಟು ಕೊಳ್ಳುತ್ತಾರೆ. ಜಾತ್ರೆಯ ವ್ಯಾಪಾರ ಚೆನ್ನಾಗಿ ನಡೆದ ವರ್ಷ ಕಂಪನಿಗೂ ಕಲೆಕ್ಷನ್ ಚೆನ್ನಾಗಿರುತ್ತದೆ. ಮಳೆ ಕೈಕೊಟ್ಟು ರೈತನ ಕೈ ಖಾಲಿಯಾದರೆ ಥೇಟರಿನ ಹಿಂದಿನ ಸಾಲುಗಳೂ ಖಾಲಿ.

ಸಂತೆಯೂ ಸಂಗೀತವೂ ಹೀಗೆ ಒಂದೇ ಬಯಲಿನಲ್ಲಿ ಬಿಡಾರ ಹೂಡುವುದು ಈ ಸೀಮೆಗೆ ಹೊಸತಲ್ಲ. ಮಲಪ್ರಭೆಯ ದಂಡೆಗುಂಟ ಪಟ್ಟದಕಲ್ಲು ದಾಟಿ ಮುಂದೆ ಹೋದರೆ ಹುನಗುಂದ ಸೀಮೆಯ ಐಹೊಳೆ ಸಿಗುತ್ತದೆ. ಪ್ರವಾಸಿಗಳಿಗೆ ಅದು ಗುಡಿಗಳ ಊರು. ಆದರೆ ಸಾವಿರ ವರ್ಷದ ಹಿಂದೆ ದಕ್ಷಿಣ ಭಾರತದ ಪೇಟೆಗಳಲ್ಲಿ ‘ಅಯ್ಯಾವೊಳೆ’ ಎಂದರೆ ಜನರಿಗೆ ಮೊದಲು ನೆನಪಾಗುತ್ತಿದ್ದುದು ಗುಡಿಯಲ್ಲ, ಒಂದು ವ್ಯಾಪಾರಿ ಸಂಘ: ಅಯ್ಯಾವೊಳೆ ಐನೂರ್ವರು. ಅವರು ಮೆಣಸು, ಕರ್ಪೂರ, ಕುದುರೆ, ಬಟ್ಟೆಯ ವ್ಯಾಪಾರ ಮಾಡಿದ್ದನ್ನು ಇತಿಹಾಸದ ಪುಸ್ತಕಗಳು ವಿವರವಾಗಿ ಬರೆದಿವೆ. ಆ ವ್ಯಾಪಾರದ ಲಾಭದಲ್ಲೊಂದು ಪಾಲು ಹಾಡುವವರ, ಕುಣಿಯುವವರ, ಮದ್ದಳೆ ಬಾರಿಸುವವರ ಹೊಟ್ಟೆಗೆ ಹೇಗೆ ಹೋಗುತ್ತಿತ್ತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಇದನ್ನು ತಿಳಿಯಲು ಶಾಸನಗಳ ಒಂದು ಜೋಡಿ ಮಾತನ್ನು ಹಿಡಿದು ಹೊರಡಬೇಕು: ‘ಅಂಗಭೋಗ, ರಂಗಭೋಗ’. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಇದು ಮತ್ತೆಮತ್ತೆ ಬರುತ್ತದೆ. ಅಂಗಭೋಗವೆಂದರೆ ದೇವರ ಮೈಗೆ ಸಲ್ಲುವ ಸೇವೆ: ಅಭಿಷೇಕ, ಗಂಧ, ಹೂವು, ನೈವೇದ್ಯ. ರಂಗಭೋಗವೆಂದರೆ ದೇವರ ಮುಂದಿನ ರಂಗದಲ್ಲಿ ಸಲ್ಲುವ ಸೇವೆ: ಗೀತ, ವಾದ್ಯ, ನೃತ್ಯ. ಆ ಕಾಲದ ಗುಡಿಗಳ ನಡುಮಂಟಪದಲ್ಲಿ ನೆಲಕ್ಕಿಂತ ತುಸು ಎತ್ತರದ ನುಣುಪಾದ ದುಂಡು ಕಲ್ಲೊಂದು ಇರುವುದನ್ನು ನೋಡಿರಬಹುದು. ಅದು ನರ್ತಕಿಯ ಜಾಗವೆಂದು ಬಲ್ಲವರು ಹೇಳುತ್ತಾರೆ. ದೇವರಿಗೆ ಊಟ ಎಷ್ಟು ಅಗತ್ಯವೋ ಹಾಡೂ ಅಷ್ಟೇ ಅಗತ್ಯವೆಂದು ಬಗೆದ ಕಾಲ ಅದು. ಹಾಗೆ ಬಗೆದುದರಿಂದ ಹಾಡಿನ ಖರ್ಚು ಅನ್ನದ ಖರ್ಚಿನ ಪಕ್ಕದಲ್ಲೇ ಲೆಕ್ಕಕ್ಕೆ ಬಂತು.

ಮೊದಲು ಈ ಖರ್ಚು ಹೊತ್ತವರು ಅರಸರು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳೆಂಬುದು ಎಲ್ಲರಿಗೂ ಗೊತ್ತು. ಅಲ್ಲಿಯದೇ ಒಂದು ಚಿಕ್ಕ ಶಾಸನ ಅಷ್ಟು ಪ್ರಸಿದ್ಧವಲ್ಲ. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಗಾಂಧರ್ವರಿಗೆ, ಅಂದರೆ ಹಾಡುವವರಿಗೆ, ಹಿಂದೆ ಕೊಟ್ಟಿದ್ದ ದತ್ತಿಯನ್ನೂ ಕಟ್ಟಳೆಗಳನ್ನೂ ಲೋಕಮಹಾದೇವಿ ಮತ್ತೆ ಅವರಿಗೆ ಸಲ್ಲಿಸಿದಳೆಂದು ಅದು ಹೇಳುತ್ತದೆ. ಕಂಚಿಯನ್ನು ಮೂರು ಬಾರಿ ಗೆದ್ದವನ ರಾಣಿ, ಮಾವ ಕೊಟ್ಟ ಮಾತನ್ನು ಹಾಡುಗಾರರಿಗೆ ಉಳಿಸಿಕೊಟ್ಟಳು. ರಾಣಿಯ ದೊಡ್ಡತನ ಸರಿಯೇ. ಆದರೆ ಇದೇ ಶಾಸನವನ್ನು ಹಾಡುಗಾರರ ಕಡೆಯಿಂದ ಓದಿದರೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಸಿಂಹಾಸನದ ಮೇಲೆ ಕೂತವರು ಬದಲಾದಾಗ ಹಳೆಯ ಹಕ್ಕನ್ನು ಹೊಸದಾಗಿ ಕಲ್ಲಿನಲ್ಲಿ ಬರೆಸಿಕೊಳ್ಳಬೇಕಾಗಿತ್ತು. ಮಾವ ಕೊಟ್ಟದ್ದು ತಾನಾಗಿ ಮುಂದುವರಿಯುವಂತಿದ್ದರೆ ಸೊಸೆ ಮತ್ತೆ ಕೊಡುವ ಪ್ರಮೇಯವೇ ಬರುತ್ತಿರಲಿಲ್ಲ.

ಅದೇ ಪಟ್ಟದಕಲ್ಲಿನಲ್ಲಿ ಅಚಲನೆಂಬ ನಟನೊಬ್ಬನ ಹೊಗಳಿಕೆಯೂ ಕಲ್ಲಿನ ಮೇಲಿದೆ. ಭರತನ ಶಾಸ್ತ್ರ ಬಲ್ಲವನು, ಅವನ ಮುಂದೆ ಉಳಿದ ನಟರ ಸೊಕ್ಕು ನಿಲ್ಲದೆಂಬುದು ಅದರ ಭಾವ. ಎಂಟನೆಯ ಶತಮಾನದಲ್ಲೇ ಕಲಾವಿದರ ನಡುವೆ ಸೆಣಸಾಟವಿತ್ತು, ಹೆಸರು ಗಳಿಸುವ ಹಂಬಲವಿತ್ತು. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಶಾಸನವಿದೆ. ಶಾಸನ ಅವಳನ್ನು ಸೂಳೆಯೆಂದೇ ಕರೆಯುತ್ತದೆ. ಆಗ ಆ ಮಾತಿಗೆ ಇಂದಿನ ಕೀಳರಿಮೆ ಅಂಟಿರಲಿಲ್ಲ. ಅವಳು ತನ್ನ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಬರೆಸಿ, ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಿದ್ದಾಳೆ. ಅರಮನೆಯ ಕೃಪೆ ಒಬ್ಬಳನ್ನು ಎಷ್ಟು ಮೇಲಕ್ಕೆ ಎತ್ತಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆ ಏರಿಕೆ ಒಬ್ಬಳದು ಮಾತ್ರ. ಗುಡಿಯಲ್ಲಿ ದಿನವೂ ಮದ್ದಳೆ ಬಾರಿಸುವವನಿಗೆ ಬೇಕಾದದ್ದು ಮಾಣಿಕ್ಯವಲ್ಲ, ತಿಂಗಳು ತಪ್ಪದೆ ಬರುವ ಜೋಳ.

ಐನೂರ್ವರು ಮುಖ್ಯವಾಗುವುದು ಇಲ್ಲಿಯೇ. ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿ 8-9ನೆಯ ಶತಮಾನದ ಲಿಪಿಯ ಶಾಸನದಲ್ಲೇ ‘ಐನೂರ್ವರು’ ಕಾಣಿಸುತ್ತಾರೆ. ಅವರು ಊರಿನ ಮಹಾಜನರೋ, ಆಗಲೇ ವ್ಯಾಪಾರಿಗಳೋ ಎಂಬ ಚರ್ಚೆ ವಿದ್ವಾಂಸರಿಗೆ ಬಿಟ್ಟದ್ದು. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಂತೂ ಆ ಹೆಸರು ಕರ್ನಾಟಕ, ಆಂಧ್ರ, ತಮಿಳುನಾಡುಗಳನ್ನು ದಾಟಿ ಸಮುದ್ರದಾಚೆಗೂ ಹೋಯಿತು. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ 1088ರ ತಮಿಳು ಶಾಸನವೊಂದು ಐನೂರ್ವರ ಹೆಸರು ಹೇಳುತ್ತದೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಹೆಸರು ಕರ್ಪೂರದ ನಾಡಿಗೆ ತಲುಪಿದ್ದು ಹೀಗೆ.

ಇವರೆಲ್ಲ ಐಹೊಳೆಯವರೇ ಆಗಿರಲಿಲ್ಲ. ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಮುಮ್ಮುರಿದಂಡಗಳು, ನಾನಾದೇಶಿಗಳು ಎಂದು ಅವರಲ್ಲಿ ಹಲವು ಪಂಗಡ. ತಮ್ಮದೇ ಧ್ವಜ, ತಮ್ಮದೇ ಬಿರುದಾವಳಿ, ತಮ್ಮದೇ ಕಟ್ಟಳೆ. ಆ ಕಟ್ಟಳೆಗೆ ‘ವೀರಬಣಂಜು ಧರ್ಮ’ವೆಂದು ಹೆಸರು. ನಮ್ಮ ‘ಬಣಜಿಗ’ ಎಂಬ ಮಾತಿನಲ್ಲಿ ಅದರ ಸದ್ದು ಇನ್ನೂ ಇದೆ. ಕತ್ತೆ, ಕೋಣ, ಎತ್ತುಗಳ ಮೇಲೆ ಹೇರು ಹೊರಿಸಿ ಊರಿಂದೂರಿಗೆ ಅಲೆಯುವ ಈ ಜನಕ್ಕೆ ದಾರಿಯಲ್ಲಿ ಕಾವಲು ಬೇಕು, ತಂಗಲು ಜಾಗ ಬೇಕು, ಹೋದ ಊರಿನಲ್ಲಿ ನಂಬಿಕೆ ಬೇಕು. ಒಂಟಿ ವ್ಯಾಪಾರಿಗೆ ಸಿಗದ ಇದೆಲ್ಲ ಸಂಘಕ್ಕೆ ಸಿಗುತ್ತಿತ್ತು. ಊರಿನವರ ನಂಬಿಕೆ ಗಳಿಸಲು ಆ ಊರಿನ ಗುಡಿಗೆ ದಾನ ಕೊಡುವುದಕ್ಕಿಂತ ಒಳ್ಳೆಯ ಉಪಾಯ ಯಾವುದಿತ್ತು?

ಅವರ ದಾನದ ರೀತಿ ಅರಸರದಕ್ಕಿಂತ ಬೇರೆ. ಅರಸ ಭೂಮಿ ಕೊಡುತ್ತಿದ್ದ, ಮತ್ತರಿನ ಲೆಕ್ಕದಲ್ಲಿ. ವ್ಯಾಪಾರಿಗಳು ಕೊಡುತ್ತಿದ್ದದ್ದು ಆಯ. ಅಡಕೆಯ ಒಂದು ಹೇರಿಗೆ ಇಷ್ಟು ಅಡಕೆ, ಎಲೆಯ ಹೇರಿಗೆ ಇಷ್ಟು ಎಲೆ, ಎಣ್ಣೆಯ ಗಾಣಕ್ಕೆ ಇಷ್ಟು ಎಣ್ಣೆ, ಮಾರಿದ ಹೊನ್ನಿಗೆ ಇಷ್ಟು ವೀಸ. ಜಮಖಂಡಿ ಕಡೆಯ ತೇರದಾಳದಲ್ಲಿ ಗೊಂಕನೆಂಬ ಮಂಡಲಿಕ 1122ರ ಸುಮಾರಿಗೆ ನೇಮಿನಾಥನ ಬಸದಿ ಕಟ್ಟಿಸಿದ. ಅಲ್ಲಿಯ ಶಾಸನದಲ್ಲಿ ಅಯ್ಯಾವೊಳೆಯ ವೀರಬಣಂಜುಗಳ ಬಿರುದುಗಳೂ ಮೊಳಗುತ್ತವೆ. ಬಸದಿಯಿರಲಿ, ಶಿವನ ಗುಡಿಯಿರಲಿ, ವಿಷ್ಣುವಿನ ಗುಡಿಯಿರಲಿ, ವ್ಯಾಪಾರಿಗಳ ಕೈ ಹಿಂಜರಿಯಲಿಲ್ಲ. ಗಿರಾಕಿಗಳು ಎಲ್ಲ ಮತದವರೂ ಇದ್ದರಷ್ಟೆ.

ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಸಂಘ ತನಗೆ ತಾನೇ ಹಾಕಿಕೊಂಡ ತೆರಿಗೆ. ಇದರ ಜಾಣ್ಮೆ ಇರುವುದು ಅದರ ಸಣ್ಣತನದಲ್ಲಿ. ಒಂದು ಹೇರಿನಲ್ಲಿ ಒಂದು ಹಿಡಿ ಅಡಕೆ ಹೋದರೆ ವ್ಯಾಪಾರಿಗೆ ಭಾರವಾಗದು. ಆದರೆ ಸಂತೆಯ ಒಂದು ದಿನಕ್ಕೆ ನೂರು ಹೇರು ಬಂದರೆ ಗುಡಿಯ ಕಣಜಕ್ಕೆ ನೂರು ಹಿಡಿ. ಭೂಮಿ ಬರಗಾಲದಲ್ಲಿ ಬೆಳೆಯದು. ಪೇಟೆ ಬೆಳೆದಂತೆಲ್ಲ ಆಯ ಬೆಳೆಯುತ್ತದೆ. ಭೂಮಿ ಕೊಟ್ಟ ಅರಸನ ವಂಶ ಅಳಿದರೆ ಹಕ್ಕಿಗೇ ಸಂಚಕಾರ. ಸಂಘದಲ್ಲಿ ಒಬ್ಬ ಸೆಟ್ಟಿ ಸತ್ತರೂ ಸಂಘ ಸಾಯುವುದಿಲ್ಲ. ಅದಕ್ಕೇ ಎಷ್ಟೋ ದಾನಗಳನ್ನು ಬೇರೆಯವರು ಕೊಟ್ಟರೂ ಕಾಪಾಡುವ ಹೊಣೆಯನ್ನು ನಗರಕ್ಕೋ ಮಹಾಜನರಿಗೋ ಒಪ್ಪಿಸುತ್ತಿದ್ದರು. ಈ ಧರ್ಮ ತಪ್ಪಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲೆಂಬ ಶಾಪ ಕೊನೆಯಲ್ಲಿ ಇದ್ದೇ ಇರುತ್ತದೆ. ಕೋರ್ಟು ಕಚೇರಿ ಇಲ್ಲದ ಕಾಲದ ಕರಾರು ಪತ್ರಕ್ಕೆ ಅದೇ ಮೊಹರು.

ಹೀಗೆ ಕೂಡಿಬಿದ್ದುದರಲ್ಲಿ ಯಾರಿಗೆ ಪಾಲು? ಆ ಕಾಲದ ಗುಡಿಗಳ ಪರಿವಾರದ ಪಟ್ಟಿಗಳಲ್ಲಿ ಪೂಜಾರಿ, ಅಡಿಗೆಯವ, ಹೂವಾಡಿಗರ ಜತೆಗೆ ಹಾಡುವವರು, ಕುಣಿಯುವ ಪಾತ್ರದವರು, ಕುಣಿತ ಕಲಿಸುವ ನಟ್ಟುವ, ಮದ್ದಳೆಯವನು, ಕೊಳಲಿನವನು, ಕಹಳೆ ಶಂಖದವರು ಬರುತ್ತಾರೆ. ಒಂದು ದೊಡ್ಡ ಗುಡಿಯೆಂದರೆ ಒಂದು ಮೇಳ. ವರ್ಷಕ್ಕೊಮ್ಮೆ ಕರೆಸಿ ಶಾಲು ಹೊದಿಸಿ ಕಳಿಸುವ ಮಾತಲ್ಲ ಇದು. ದಿನದ ಕೆಲಸ, ದಿನದ ಕೂಲಿ. ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದು ಗೀತ, ವಾದ್ಯ, ನೃತ್ಯಗಳಿಗೆ ಒಂದೊಂದು ವಿನೋದವನ್ನೇ ಮೀಸಲಿಟ್ಟ. ಅಂಥ ಗ್ರಂಥ ಹುಟ್ಟಬೇಕಾದರೆ ಊರೂರಲ್ಲಿ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಸಾಧನೆ ಮಾಡುವ ಕಲಾವಿದರಿರಬೇಕು. ಅಡಕೆಯ ಹೇರಿನ ಆ ಒಂದು ಹಿಡಿಗೂ ಗ್ರಂಥದ ಪುಟಗಳಿಗೂ ಇರುವ ನಂಟನ್ನು ಸಂಗೀತದ ಚರಿತ್ರೆಕಾರರು ಇನ್ನಷ್ಟು ಹುಡುಕಬೇಕೆಂದು ನನಗೆ ಅನಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಐನೂರ್ವರ ಬಿರುದುಗಳನ್ನು ಎಷ್ಟು ಜಾಲಾಡಿದರೂ ಆ ಸಭೆಯಲ್ಲಿ ಹಾಡುವವನಿಗೊಂದು ಪೀಠ ಕಾಣುವುದಿಲ್ಲ. ಸಂಘ ವ್ಯಾಪಾರಿಗಳದು. ಕಲಾವಿದ ಅದರ ಸದಸ್ಯನಲ್ಲ, ಅದರ ದಾನದ ಪಾತ್ರ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ತೀರ್ಮಾನಿಸುವವರು ಬೇರೆ, ಕಾಲಿಗೆ ಗೆಜ್ಜೆ ಕಟ್ಟುವವರು ಬೇರೆ. ಯುರೋಪಿನಲ್ಲಿ ಬೇರೆ ಬಗೆ ನಡೆಯಿತು. ಪ್ಯಾರಿಸ್ಸಿನಲ್ಲಿ 1321ರಲ್ಲಿ 37 ಮಂದಿ ಹಾಡುಗಾರರು, ವಾದ್ಯಗಾರರು ಸೇರಿ ತಮ್ಮದೇ ಸಂಘದ ಕಟ್ಟಳೆ ಬರೆದುಕೊಂಡರು. ಲಂಡನ್ನಿನ ಸಂಗೀತಗಾರರ ಸಂಘಕ್ಕೆ 1604ರಲ್ಲಿ ರಾಜನ ಸನ್ನದು ಸಿಕ್ಕಿತು. ಆ ಸಂಘಗಳು ಊರ ಹೊರಗಿನವನು ಬಂದು ನುಡಿಸದಂತೆ ಬಾಗಿಲು ಹಾಕಿಕೊಂಡವೆಂಬ ದೂರೂ ಇದೆ. ಆದರೂ ತಮ್ಮ ಕೂಲಿಯ ಮಾತನ್ನು ತಾವೇ ಆಡುವ ಬಾಯಿ ಅವರಿಗೆ ಬಂತು.

ನಮ್ಮಲ್ಲಿ ಅಂಥ ದನಿ ಕೇಳಿಸಿದ್ದು ಬೇರೊಂದು ದಿಕ್ಕಿನಿಂದ. ಅದೇ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣ ಬೆಳೆದ. ಅವನ ಸುತ್ತ ನೆರೆದ ಶರಣರಲ್ಲಿ ಕಿನ್ನರಿ ನುಡಿಸುವ ಬೊಮ್ಮಯ್ಯ ಇದ್ದ, ವೇಷ ಹಾಕಿ ಆಡುವ ಬಹುರೂಪಿ ಚೌಡಯ್ಯ ಇದ್ದ. ಅವರ ಕಸುಬು ಅಲ್ಲಿ ದೇವರ ಭೋಗವಾಗಿ ಅಲ್ಲ, ಕಾಯಕವಾಗಿ ಎಣಿಕೆಗೆ ಬಂತು. ನೇಯುವುದು, ಚಪ್ಪಲಿ ಹೊಲಿಯುವುದು, ಕಿನ್ನರಿ ನುಡಿಸುವುದು, ಮೂರೂ ಒಂದೇ ಸಾಲಿನಲ್ಲಿ. ಅಯ್ಯಾವೊಳೆಯೂ ಸಂಗಮವೂ ಒಂದೇ ಮಲಪ್ರಭೆಯ ದಂಡೆಯ ಊರುಗಳು. ಎರಡರ ನಡುವಿನ ದಾರಿ ದೂರದ್ದಲ್ಲ, ಆದರೆ ಎರಡು ವಿಚಾರಗಳ ನಡುವಿನ ದೂರ ಬಹಳ.

ವಿಜಯನಗರದ ಕಾಲ ಕಳೆಯುವ ಹೊತ್ತಿಗೆ ಐನೂರ್ವರ ಹೆಸರು ಶಾಸನಗಳಲ್ಲಿ ಅಪರೂಪವಾಯಿತು. ಸಂಘ ಚದುರಿತು, ಗುಡಿಗಳಿಗೆ ಬರುವ ಆಯ ನಿಂತಿತು. ಉಳಿದದ್ದು ಇನಾಮು ಹೊಲಗಳು, ಅವುಗಳ ಮೇಲೆ ಬದುಕುವ ಮನೆತನಗಳು. ಕಲೆಯ ಜತೆ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಕ್ರೂರವಾಗುತ್ತ ಬಂತು. ಆಗ ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1934ರಲ್ಲಿ ಈ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂತು, ಕರ್ನಾಟಕ 1982ರಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಮಾಡಿತು. ಮಾಡಲೇಬೇಕಾದ ಕೆಲಸ ಅದು. ಆದರೆ ಹಾಡುವ ಮನೆತನಗಳಿಗೆ ಮುಂದೆ ಅನ್ನ ಎಲ್ಲಿಂದ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಾಟಕದ ಥೇಟರಿನಲ್ಲಿ, ಗ್ರಾಮಫೋನಿನಲ್ಲಿ, ಸಿನಿಮಾದಲ್ಲಿ. ಬೀಳಗಿಯ ಹಾಡುವ ಮನೆತನದಿಂದ ಹೊರಟ ಗೋಹರ್‌ಬಾಯಿ ಬಾಲಗಂಧರ್ವರ ಮರಾಠಿ ನಾಟಕಗಳ ನಾಯಕಿಯಾದರು. ಅಮೀರ್‌ಬಾಯಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಊರಿನ ಗುರುತು ಇಟ್ಟುಕೊಂಡರು. ಇನ್ನೊಂದು ದಾರಿ ಮಠದ್ದು. ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದರು. ಅವರ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಅನ್ನಕ್ಕೆ ದಾರಿಯಾಗಿ ಆಶ್ರಮದಿಂದ ನಾಟಕ ಕಂಪನಿಯೂ ಹೊರಟಿತು. ಅಂಧರ ಶಾಲೆಯನ್ನು ನಾಟಕದ ಟಿಕೆಟ್ಟು ಸಾಕಿತು.

ವ್ಯಾಪಾರಿಗಳು ಸುಮ್ಮನಿದ್ದರೇ? ಇಲ್ಲ, ಹಳೆಯ ಆಯವೇ ಹೊಸ ಹೆಸರಿನಲ್ಲಿ ಮುಂದುವರಿಯಿತು. ಉತ್ತರ ಕರ್ನಾಟಕದ ಅಡತಿ ಪೇಟೆಗಳಲ್ಲಿ ಚೀಲಕ್ಕಿಷ್ಟೆಂದು ‘ಧರ್ಮಾದಾಯ’ ಹಿಡಿಯುವ ರೂಢಿಯಿತ್ತು. ಜಾತ್ರೆ, ಮಠ, ಅನ್ನಛತ್ರ, ಪಾಠಶಾಲೆಗಳಿಗೆ ಆ ಹಣ. ಆದರೆ ಅದನ್ನು ಹಿಡಿಯುತ್ತಿದ್ದದ್ದು ಮಾಲು ತಂದ ರೈತನ ಪಟ್ಟಿಯಲ್ಲಿ. ಪುಣ್ಯ ಅಡತಿಯವನಿಗೆ, ಖರ್ಚು ರೈತನಿಗೆ. ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಬಂದಂತೆ ಇಂಥ ಕಡಿತಗಳಿಗೆ ಕತ್ತರಿ ಬಿದ್ದದ್ದು ನ್ಯಾಯವೇ. ಹನ್ನೆರಡನೆಯ ಶತಮಾನದ ಆ ಒಂದು ಹಿಡಿ ಅಡಕೆಯನ್ನು ಕೊನೆಗೆ ಹೊತ್ತವರು ಯಾರು? ಸೆಟ್ಟಿಯೋ, ಬೆಳೆದವನೋ, ಕೊಂಡವನೋ? ಶಾಸನ ದಾನಿಯ ಹೆಸರು ಹೇಳುತ್ತದೆ, ಬೆಲೆಯ ಏರಿಳಿತ ಹೇಳುವುದಿಲ್ಲ.

ಬಾಗಲಕೋಟೆಯ ಹೋಳಿಯಲ್ಲಿ ಈ ಲೆಕ್ಕ ಇನ್ನೊಂದು ರೂಪ ತಾಳುತ್ತದೆ. ಅಲ್ಲಿ ಹಬ್ಬ ಒಂದು ದಿನದ್ದಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಪ್ರಕಾರ ಬಣ್ಣದ ಸರದಿ, ಹಲಗೆ ಮೇಳದ ಸರದಿ. ಹೆಸರುಗಳಲ್ಲಿ ಎಷ್ಟು ಪೇಟೆಗಳಿವೆ ನೋಡಿ. ಪೇಟೆಯವರು ಪಟ್ಟಿ ಎತ್ತುತ್ತಾರೆ, ಹಲಗೆಯವರು ಬಾರಿಸುತ್ತಾರೆ, ಓಣಿ ಓಣಿಗೆ ಪೈಪೋಟಿ ಬೀಳುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಸಿಕ್ಕಿ ಜನ ನವನಗರಕ್ಕೆ ಹೋದ ಮೇಲೂ ಹಲಗೆಯ ಸದ್ದು ಹಳೆಯ ಓಣಿಗಳ ಹೆಸರಿನಲ್ಲೇ ಎದ್ದಿತು. ಇಲ್ಲಿ ಕೊಡುವವನೂ ಕೇಳುವವನೂ ಒಂದೇ ಓಣಿಯವನಾದ್ದರಿಂದ ಲೆಕ್ಕದ ಮೋಸ ಕಷ್ಟ.

ಮತ್ತೆ ನಾಟಕದ ಥೇಟರಿಗೆ ಬರೋಣ. ಅದರ ಬೋರ್ಡನ್ನು ಗಮನವಿಟ್ಟು ಓದಿ. ಯಾವುದೋ ಸ್ವಾಮಿಯ ಅಥವಾ ದೇವರ ಹೆಸರು, ಆಮೇಲೆ ‘ಕೃಪಾಪೋಷಿತ’, ಕೊನೆಗೆ ‘ನಾಟ್ಯ ಸಂಘ’. ಗುಬ್ಬಿ ಕಂಪನಿಯ ಪೂರ್ಣ ಹೆಸರಿನಲ್ಲೂ ಕೃಪೆ ಚನ್ನಬಸವೇಶ್ವರನದು. ಕೃಪೆ ದೇವರದು, ಪೋಷಣೆ ಪ್ರೇಕ್ಷಕರದು, ಸಂಘ ಹೆಸರಿಗೆ. ವಾಸ್ತವದಲ್ಲಿ ಮಾಲೀಕ ಒಬ್ಬ. ನಟಿಗೆ, ಪೇಟಿ ಮಾಸ್ತರರಿಗೆ, ತಬಲದವರಿಗೆ ಮುಂಗಡ ಕೊಟ್ಟು ಕರೆತರುವವನು ಅವನೇ, ಮಳೆ ಬಿದ್ದು ಆಟ ನಿಂತರೆ ಸಾಲ ಮಾಡಿ ಅಡಿಗೆ ಹೂಡುವವನೂ ಅವನೇ. ಅವನನ್ನು ದೂರುವುದು ಸುಲಭ. ಕಂಪನಿ ಮುಚ್ಚಿ ಮನೆಮಾರು ಕಳೆದುಕೊಂಡ ಮಾಲೀಕರ ಕಥೆಗಳೂ ವೃತ್ತಿ ರಂಗಭೂಮಿಯಲ್ಲಿ ಬೇಕಾದಷ್ಟಿವೆ. ಆದರೆ ಮುಂಗಡ ತೀರುವ ತನಕ ಕಲಾವಿದ ಬೇರೆ ಕಂಪನಿಗೆ ಹೋಗುವಂತಿಲ್ಲ, ದನಿ ಒಡೆದ ಮೇಲೆ ಕೇಳುವವರಿಲ್ಲ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಾಗ ಅದೇ ಹಾಡನ್ನು ಮೂರು ಬಾರಿ ಹಾಡಿದವನಿಗೆ ಸಂಬಳ ಒಂದೇ ಬಾರಿ.

ಹೊರದೇಶದಲ್ಲಿ ಇತ್ತೀಚೆಗೆ ನಡೆದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಬ್ರಿಟನ್ನಿನಲ್ಲಿ ಸಾವಿರಾರು ಜನ ಸೇರುವ ಭಾರಿ ಕ್ರೀಡಾಂಗಣಗಳ ಸಂಗೀತ ಕಾರ್ಯಕ್ರಮಗಳು ತುಂಬಿ ತುಳುಕುತ್ತಿದ್ದರೆ, ಹೊಸ ಹಾಡುಗಾರರು ಕಲಿತು ಬೆಳೆಯುವ ಸಣ್ಣ ಸಭಾಂಗಣಗಳು ಒಂದೊಂದಾಗಿ ಮುಚ್ಚುತ್ತಿದ್ದವು. ದೊಡ್ಡ ಕಾರ್ಯಕ್ರಮಗಳ ಟಿಕೆಟ್ಟಿನ ಮೇಲೆ ಒಂದು ಸಣ್ಣ ಪಾಲು ಹಿಡಿದು ಸಣ್ಣವರಿಗೆ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ಅಲ್ಲಿಯ ಸಂಸತ್ತಿನ ಸಮಿತಿ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಸರಕಾರವೂ ಒಪ್ಪಿತು, ಕಾನೂನಿನ ಬಲವಂತ ಬೇಡ, ಉದ್ಯಮದವರು ತಾವೇ ಹಾಕಿಕೊಳ್ಳಲಿ ಎಂದಿತು. ಹಣ ಹಂಚುವ ಕೆಲಸಕ್ಕೆ ಆ ಉದ್ಯಮದ ಸಂಘವೇ ಒಂದು ಟ್ರಸ್ಟು ಮಾಡಿತು. ಟಿಕೆಟ್ಟಿಗೆ ಒಂದು ಪೌಂಡು ಎಂಬುದು ಅವರ ಲೆಕ್ಕ. ಐಹೊಳೆಯವರು ಕೇಳಿದ್ದರೆ ಇದರಲ್ಲಿ ಹೊಸತೇನಿದೆ, ಹೇರಿಗೊಂದು ಹಿಡಿ ತಾನೆ, ಎಂದಿರುತ್ತಿದ್ದರು.

ನಮ್ಮ ಜಾತ್ರೆಯ ಕಂಪನಿಗಳಿಗೆ ಅಂಥ ಬೆನ್ನುಹುರಿ ಇಲ್ಲವೆಂಬುದು 2020ರ ಮಾರ್ಚಿನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಬಯಲಾಯಿತು. ಬೇಸಿಗೆಯ ಜಾತ್ರೆಗಳ ಸುಗ್ಗಿ ಎದುರಿಗಿರುವಾಗಲೇ ಕ್ಯಾಂಪುಗಳು ನಿಂತವು. ಹಾಕಿದ ಥೇಟರು ಹಾಕಿದಲ್ಲೇ, ಪರದೆ ಸುತ್ತಿದಲ್ಲೇ. ಅಕಾಡೆಮಿಯ ಮಾಸಾಶನ ವಯಸ್ಸಾದವರಿಗೆ. ಕೈಕಾಲು ಗಟ್ಟಿ ಇರುವ ತಬಲದವನಿಗೆ, ದಿನಗೂಲಿಯ ಹಿನ್ನೆಲೆ ಗಾಯಕಿಗೆ ದಿನ ದೂಡಲು ಆಸರೆಯಾಗುವ ಒಂದು ಸಾಮಾನ್ಯ ನಿಧಿ ಇರಲಿಲ್ಲ. ಜಾತ್ರೆಯಲ್ಲಿ ಮಾರಾಟವಾಗುವ ಬಾಗಿಲಿಗೆ, ಸೀರೆಗೆ, ಟಿಕೆಟ್ಟಿಗೆ ಇಷ್ಟೆಂದು ಹಿಡಿದಿದ್ದರೆ ಎಷ್ಟು ಕೂಡಿರುತ್ತಿತ್ತು? ಅದರ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿರಬೇಕು? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವೆಂದು ಐನೂರ್ವರ ಕಥೆಯೇ ಹೇಳುತ್ತದೆ.

ಆಮೇಲೆ ಜಾತ್ರೆಗಳು ಮತ್ತೆ ಕೂಡಿದವು, ತಗಡಿನ ಗೋಡೆಗಳು ಮತ್ತೆ ಎದ್ದವು. ಬನಶಂಕರಿಯಲ್ಲಿ ಈಗಲೂ ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಒಂದೊಂದು ಕಂಪನಿ ದಿನಕ್ಕೆ ಮೂರು ನಾಲ್ಕು ಆಟ ಆಡುತ್ತದೆ. ಕೊನೆಯ ಆಟ ಮುಗಿಯುವ ಹೊತ್ತಿಗೆ ಮೂಡಲು ಬೆಳ್ಳಗಾಗಿರುತ್ತದೆ. ಪೇಟಿ ಮಾಸ್ತರರು ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಹೊರಗೆ ಬಂದು ಚಹಾ ಕುಡಿಯುತ್ತಿರುವಾಗ, ಎದುರಿನ ಸಾಲಿನಲ್ಲಿ ಬಾಗಿಲು ಮಾರುವವರು ಚೌಕಟ್ಟಿನ ಮೇಲಿನ ಇಬ್ಬನಿ ಒರೆಸಿ ದಿನದ ಮೊದಲ ಗಿರಾಕಿಗೆ ಬೆಲೆ ಹೇಳುತ್ತಿರುತ್ತಾರೆ.